ಲೆಕ್ಕಕ್ಕುಂಟು, ಓಟಿಗಿಲ್ಲ

ಮಾನ್ಯ ಸಂಪಾದಕರೇ,

ನಾನು ರಾಯಚೂರಿನ ಜಿನ್ನಿಂಗ್ ಮಿಲ್ಲೊಂದರಲ್ಲಿ ಹತ್ತಿ ತೂಕದ ಲೆಕ್ಕ ಬರೆಯುವವನು. ಮಗಳು ಬಿ.ಎ. ಓದುತ್ತಾಳೆ. ಮೊನ್ನೆ ಪರೀಕ್ಷೆಗೆ ಕೂತವಳು ರಾಜ್ಯಶಾಸ್ತ್ರದ ನೋಟ್ಸ್ ಹಿಡಿದು ಬಂದಳು. 'ಅಪ್ಪಾ, ಮನುಷ್ಯಾನ್ನ ಐದರಾಗ ಮೂರು ಪಾಲು ಅಂತ ಕಾನೂನಿನ್ಯಾಗ ಹೆಂಗ ಬರದ್ರು?' 1787ರ ಅಮೆರಿಕದ ಸಂವಿಧಾನದ ಮಾತು ಅದು. ಗುಲಾಮರನ್ನು ಪೂರ್ತಿ ಮನುಷ್ಯರೆಂದು ಒಪ್ಪದೆ ಅವಮಾನಿಸಲಾಯಿತು ಎಂದು ನೋಟ್ಸಿನಲ್ಲಿ ಒಂದೇ ಸಾಲು. ಅವಮಾನ ನಿಜ. ಆದರೆ ಅಷ್ಟಕ್ಕೇ ಬಿಟ್ಟರೆ ಅದರಿಂದ ಲಾಭ ಯಾರಿಗಾಯಿತು ಎಂಬುದೇ ಮಕ್ಕಳಿಗೆ ತಿಳಿಯುವುದಿಲ್ಲ. ನಮ್ಮಪ್ಪ ಜೀತ ದುಡಿದವನು. ಹಾಗಾಗಿ ಈ ವಿಷಯದಲ್ಲಿ ಕೈಗೆ ಸಿಕ್ಕದ್ದನ್ನೆಲ್ಲ ಓದಿಕೊಂಡು ಬಂದಿದ್ದೇನೆ.

ಆ ಪಾಲು ಮೊದಲು ಹುಟ್ಟಿದ್ದು ತೆರಿಗೆಯ ಜಗಳದಲ್ಲಿ, 1783ರಲ್ಲಿ. ಜನಸಂಖ್ಯೆಯ ಮೇಲೆ ರಾಜ್ಯಗಳು ಹಣ ಕೊಡಬೇಕು ಎಂಬ ಮಾತು ಬಂದಾಗ, ಗುಲಾಮರನ್ನು ಆದಷ್ಟು ಕಡಿಮೆ ಎಣಿಸಿ ಎಂದು, ಗುಲಾಮರು ಹೆಚ್ಚಿದ್ದ ದಕ್ಷಿಣದ ರಾಜ್ಯಗಳವರು ಪಟ್ಟು ಹಿಡಿದರು. ನಾಲ್ಕೇ ವರ್ಷಕ್ಕೆ ಸಂಸತ್ತಿನ ಸೀಟುಗಳ ಪ್ರಶ್ನೆ ಎದ್ದಿತು. ಆಗ ಅದೇ ದಕ್ಷಿಣದಿಂದ, ಪೂರ್ತಿ ಎಣಿಸಿ ಎಂಬ ಕೂಗು. ಎಣಿಸಲೇಬಾರದು ಎಂದವರು ಉತ್ತರದವರು. ಕೊನೆಗೆ ಐದು ಗುಲಾಮರಿಗೆ ಮೂರು ತಲೆ ಎಂದು ರಾಜಿಯಾಯಿತು. ನೋಡಿ, ಗುಲಾಮನ ಹಿತ ಇದ್ದದ್ದು ಸೊನ್ನೆಯಲ್ಲಿ. ಅವನ ತಲೆ ಎಣಿಸಿದಷ್ಟೂ ಒಡೆಯನ ರಾಜ್ಯಕ್ಕೆ ಬಲ. ಮೂವತ್ತು ಸಾವಿರ ಜನಕ್ಕೆ ಒಬ್ಬ ಪ್ರತಿನಿಧಿಗಿಂತ ಹೆಚ್ಚಿರಬಾರದು ಎಂಬುದು ಆಗಿನ ನಿಯಮ. ಐವತ್ತು ಸಾವಿರ ಗುಲಾಮರಿದ್ದರೆ ಐದರಲ್ಲಿ ಮೂರು ಪಾಲಿಗೆ ಮೂವತ್ತು ಸಾವಿರ ಆಯಿತಲ್ಲ! ಓಟಿಲ್ಲದ ಅಷ್ಟೂ ಜನರ ಹೆಸರಲ್ಲಿ ಒಂದು ಸೀಟು, ಅವರನ್ನು ಮಾರಿ ಕೊಳ್ಳುವವರ ಕೈಗೆ. ಇಷ್ಟೆಲ್ಲ ಬರೆದ ಸಂವಿಧಾನದಲ್ಲಿ 'ಗುಲಾಮ' ಎಂಬ ಪದವೇ ಇರಲಿಲ್ಲ, 'ಇತರ ವ್ಯಕ್ತಿಗಳು' ಎಂದಿತ್ತು.

ಅಧ್ಯಕ್ಷರ ಆಯ್ಕೆಗೂ ಇದೇ ಲೆಕ್ಕ: ಅಲ್ಲಿ ಅಧ್ಯಕ್ಷರನ್ನು ಆರಿಸುವುದು ರಾಜ್ಯಗಳ ಚುನಾಯಕರು, ಸೀಟು ಹೆಚ್ಚಿದ್ದ ರಾಜ್ಯಕ್ಕೆ ಅವರೂ ಹೆಚ್ಚು. 1800ರ ಚುನಾವಣೆಯಲ್ಲಿ ದಕ್ಷಿಣದ ವರ್ಜೀನಿಯ ರಾಜ್ಯದ ಜೆಫರ್ಸನ್‌ಗೆ ಇಂಥ 73, ಉತ್ತರದ ಜಾನ್ ಆಡಮ್ಸ್‌ಗೆ 65 ಮತ. ಗುಲಾಮರ ತಲೆಯಿಂದ ಬಂದದ್ದನ್ನು ಕಳೆದರೆ ಜೆಫರ್ಸನ್‌ಗೆ ಆ ಗೆಲುವು ದಕ್ಕುತ್ತಿರಲಿಲ್ಲ ಎಂದು ಅನೇಕ ಇತಿಹಾಸಕಾರರು ತೋರಿಸಿದ್ದಾರೆ. ಮೊದಲ 36 ವರ್ಷಗಳಲ್ಲಿ 32 ವರ್ಷ ವರ್ಜೀನಿಯದ ಗುಲಾಮರೊಡೆಯರೇ ಅಧ್ಯಕ್ಷರು. 1793ರಲ್ಲಿ ಹತ್ತಿ ಬೀಜ ಬಿಡಿಸುವ ಜಿನ್ ಯಂತ್ರ ಬಂತು. ಅಂಥದೇ ಕೆಲಸದ ಯಂತ್ರದ ಸದ್ದಿನಲ್ಲೇ ನನ್ನ ದಿನ ಕಳೆಯುತ್ತದೆ. ಹತ್ತಿ ಬೇಸಾಯ ಹಬ್ಬಿತು, 1790ರಲ್ಲಿ ಸುಮಾರು ಏಳು ಲಕ್ಷವಿದ್ದ ಗುಲಾಮರು 1860ಕ್ಕೆ ನಲವತ್ತು ಲಕ್ಷದ ಹತ್ತಿರ ಬಂದರು. 1836ರಿಂದ 1844ರವರೆಗೆ ಗುಲಾಮಗಿರಿ ವಿರುದ್ಧದ ಅರ್ಜಿಗಳನ್ನು ಕೆಳಮನೆ ಚರ್ಚೆಗೇ ತೆಗೆದುಕೊಳ್ಳಲಿಲ್ಲ. ಆ ಪಾಲು ಹೋದದ್ದು ಅಂತರ್ಯುದ್ಧ ಮುಗಿದ ಮೇಲೆ, 1868ರ ತಿದ್ದುಪಡಿಯಿಂದ.

ಇದು ನನಗೆ ದೂರದ ಕಥೆ ಅನ್ನಿಸುವುದಿಲ್ಲ. ಮಾನ್ವಿ ತಾಲ್ಲೂಕಿನ ನಮ್ಮೂರಲ್ಲಿ ಅಜ್ಜ ಮಾಡಿದ ಸಾಲಕ್ಕೆ ಅಪ್ಪ ಜೀತ ಇದ್ದ. ಜ್ವರ ಬಂದು ಮಲಗಿದರೆ ಆ ದಿನ ಲೆಕ್ಕಕ್ಕಿಲ್ಲ, ಸಾಲದ ಮೇಲೆ ಏರುತ್ತಿತ್ತು. ಓಟಿನ ದಿನ ಮಾತ್ರ ಅವನು ಪೂರ್ತಿ ಆಳು. ಅವ್ವ ಹೇಳುತ್ತಿದ್ದಳು: 1972ರಲ್ಲಿ ಧಣಿ ಬಂಡಿ ಕಟ್ಟಿಸಿ, ಜೀತದವರನ್ನೆಲ್ಲ ಕೂರಿಸಿ, ಮಂಡಾಳ ಒಗ್ಗರಣೆ, ಮಿರ್ಚಿ ಕೊಟ್ಟು, ಯಾವ ಗುರುತಿಗೆ ಒತ್ತಬೇಕೆಂದು ನೆಲದ ಮೇಲೆ ಕಡ್ಡಿಯಿಂದ ಬರೆದು ತೋರಿಸಿದ್ದರು. ನಮ್ಮ ಸಂವಿಧಾನ ಅಪ್ಪನಿಗೆ ಪೂರ್ತಿ ಓಟು ಕೊಟ್ಟಿತ್ತು, 23ನೇ ವಿಧಿಯಲ್ಲಿ ಬಲವಂತದ ದುಡಿತವನ್ನೂ ನಿಷೇಧಿಸಿತ್ತು. ಅಮೆರಿಕದ ಗುಲಾಮನಿಗೆ ಇದಾವುದೂ ಇರಲಿಲ್ಲ, ಎರಡನ್ನೂ ಸಮ ಮಾಡಿ ತೂಗಲಾರೆ. ಆದರೂ ಸಾಲ ಹರಿಯುವವರೆಗೆ ಅಪ್ಪನ ಓಟು ಧಣಿಯ ಪೆಟ್ಟಿಗೆಯಲ್ಲೇ ಇತ್ತು.

ಇವತ್ತು ಮಾನ್ವಿ, ದೇವದುರ್ಗ, ಲಿಂಗಸುಗೂರು ಕಡೆಯಿಂದ ಬೆಂಗಳೂರಿಗೆ ಗುಳೆ ಹೋದವರ ಹೆಸರು ಊರಿನ ಮತಪಟ್ಟಿಯಲ್ಲೇ ಇರುತ್ತದೆ. ಓಟಿನ ದಿನ ಎಷ್ಟೋ ಜನ ಅಲ್ಲಿ ಸಿಮೆಂಟ್ ಹೊರುತ್ತಿರುತ್ತಾರೆ. ಪಾಠ ಬರೆಯುವವರಿಗೆ, ಕಲಿಸುವವರಿಗೆ ಕೈಮುಗಿದು ಕೇಳುತ್ತೇನೆ: ಐದರಲ್ಲಿ ಮೂರು ಪಾಲು ಎಂದು ಹೇಳಿಕೊಡುವಾಗ ಸೀಟು ಯಾರಿಗೆ ಹೋಯಿತು ಎಂಬುದನ್ನೂ ಒಂದು ಲೆಕ್ಕ ಮಾಡಿಸಿ. ನಮ್ಮ ಕಡೆಯ ಮಕ್ಕಳಿಗೆ ಅದು ಬೇಗ ಅರ್ಥವಾಗುತ್ತದೆ.

1976ರ ಜೀತ ವಿಮುಕ್ತಿ ಕಾಯ್ದೆಯಿಂದ ಅಪ್ಪನ ಸಾಲ ಹರಿಯಿತು. 1978ರ ವಿಧಾನಸಭೆ ಚುನಾವಣೆಗೆ ಅವನು ಬಂಡಿ ಹತ್ತಲಿಲ್ಲ. ತೊಳೆದ ಧೋತ್ರ ಉಟ್ಟು ಶಾಲೆಯವರೆಗೆ ಒಬ್ಬನೇ ನಡೆದು ಹೋದ. ಆಗ ನನಗೆ ಹತ್ತು ವರ್ಷ. ವಾಪಸು ಬಂದು ಕಟ್ಟೆಯ ಮೇಲೆ ಕೂತು, ಎಡಗೈ ಬೆರಳಿನ ಶಾಯಿಯನ್ನು ಬಿಸಿಲಿಗೆ ಹಿಡಿದು ನನಗೆ ತೋರಿಸಿದ. ಯಾರಿಗೆ ಹಾಕಿ ಬಂದ್ರಿ ಎಂದು ಅವ್ವ ಕೇಳಿದಳು. 'ಅದನ್ನ ಹೇಳಂಗಿಲ್ಲ' ಅಂದ. ಸಾಯುವವರೆಗೂ ಹೇಳಲಿಲ್ಲ.

ಇಂತಿ,
ಒಬ್ಬ ಓದುಗ, ರಾಯಚೂರು