ಪುಟ್ಟಿಯ ಜೋಗದ ಪ್ರಬಂಧ

ಚಿ. ಪುಟ್ಟಿಗೆ ದೊಡ್ಡಮ್ಮನ ಆಶೀರ್ವಾದ.

ನೀನು ಕಳಿಸಿದ ಇಂಗ್ಲಿಷ್ ಪ್ರಬಂಧ ಎರಡು ಸಲ ಓದಿದೆ. ಸ್ಪೆಲಿಂಗ್ ತಪ್ಪು ಒಂದೂ ಇಲ್ಲ, ಖುಷಿಯಾಯಿತು. ಆದರೆ ಜೋರಾಗಿ ಓದಿದರೆ ಬಿಕ್ಕಳಿಸಿದ ಹಾಗೆ ಕೇಳುತ್ತದೆ. 'ವಿ ಗಾಟ್ ಡೌನ್. ದೇರ್ ವಾಸ್ ಮಿಸ್ಟ್. ವಿ ವೇಟೆಡ್.' ಮೂರು ಪದಕ್ಕೊಂದು ಫುಲ್‌ಸ್ಟಾಪ್!

ಇದು ಯಾಕೆ ಹೀಗಾಗುತ್ತದೆ ಗೊತ್ತಾ? ಕನ್ನಡದಲ್ಲಿ ಕ್ರಿಯಾಪದದ ಬಾಲದಲ್ಲೇ ಕೊಂಡಿ ಇರುತ್ತದೆ. 'ಬಸ್ಸಿಳಿದು, ಮಂಜು ಸರಿಯುವ ತನಕ ಕಾದು, ಆಮೇಲೆ ನೋಡಿದೆವು' ಅನ್ನುತ್ತೇವೆ. ಇಳಿದು, ಕಾದು ಅಂದ ಕೂಡಲೇ ಮುಂದಿನ ಮಾತು ತಾನಾಗಿ ಸೇರಿಕೊಳ್ಳುತ್ತದೆ. ಇಂಗ್ಲಿಷಿನಲ್ಲಿ ಆ ಕೆಲಸಕ್ಕೆ ಹೆಚ್ಚಾಗಿ ಬೇರೆ ಪದವನ್ನೇ ತರಬೇಕು. ಆಫ್ಟರ್, ವೆನ್, ಅಂಟಿಲ್ ಇರುವುದು ಅದಕ್ಕೇ. ಬರೆಯುವ ಮೊದಲು ಮನಸ್ಸಿನಲ್ಲೇ ಕನ್ನಡದಲ್ಲಿ ಹೇಳಿಕೊ. 'ಸರಿಯುವ ತನಕ' ಅಂತ ಬಂತಾ? ಹಾಗಾದರೆ 'ವಿ ವೇಟೆಡ್ ಅಂಟಿಲ್ ದಿ ಮಿಸ್ಟ್ ಕ್ಲಿಯರ್ಡ್'.

'ಆಲ್ದೋ ಇಟ್ ವಾಸ್ ರೈನಿಂಗ್, ಬಟ್ ವಿ ವೆಂಟ್' ಅಂತ ಬರೆದಿದ್ದೀಯ. ಬಟ್ ತೆಗೆದುಬಿಡು. 'ಮಳೆ ಬರುತ್ತಿದ್ದರೂ ಹೋದೆವು' ಅಂದರೆ ಸಾಕಲ್ವಾ? ನಡುವೆ 'ಆದರೆ' ಸೇರಿಸುತ್ತೀಯಾ? ಆ 'ರೂ' ಮಾಡುವ ಕೆಲಸವನ್ನು ಆಲ್ದೋ ಆಗಲೇ ಮಾಡಿದೆ.

ಇನ್ನು ಬಿಕಾಸ್. 'ವಿ ಡಿಡ್ ನಾಟ್ ಗೋ ಡೌನ್. ಬಿಕಾಸ್ ದಿ ಸ್ಟೆಪ್ಸ್ ವರ್ ವೆಟ್.' ನಾವು 'ಯಾಕಂದ್ರೆ' ಅಂತ ಹೊಸ ವಾಕ್ಯ ಶುರು ಮಾಡುತ್ತೇವೆ, ಅದೇ ಅಭ್ಯಾಸ ಇಲ್ಲಿಗೂ ಬಂದಿದೆ. ಪರೀಕ್ಷೆಯ ಇಂಗ್ಲಿಷಿನಲ್ಲಿ ಅದು ಒಂಟಿಯಾಗಿ ನಿಲ್ಲಬಾರದು. ಫುಲ್‌ಸ್ಟಾಪ್ ಅಳಿಸು, ಎರಡೂ ಒಂದೇ ವಾಕ್ಯವಾಗುತ್ತದೆ. ಹೌಎವರ್ ಮಾತ್ರ ಇದಕ್ಕೆ ತಿರುಗುಮುರುಗು. ನಿನ್ನ ಹಾಗೆ ಅದರ ಹಿಂದೆ ಬರೀ ಕಾಮಾ ಹಾಕಿದರೆ ಸಾಲದು. ಹಿಂದೆ ಫುಲ್‌ಸ್ಟಾಪ್ ಅಥವಾ ಸೆಮಿಕೋಲನ್ ಬೇಕು, ಮುಂದೆ ಕಾಮಾ.

ಗೈಡುಗಳಲ್ಲಿ ಮೋರೋವರ್, ಫರ್ದರ್‌ಮೋರ್ ಅಂತ ಉದ್ದ ಪಟ್ಟಿ ಇರುತ್ತದೆ. ಅದನ್ನು ಬಾಯಿಪಾಠ ಮಾಡಿ ಸುಮ್ನೆ ಎಲ್ಲ ವಾಕ್ಯಕ್ಕೂ ಹಚ್ಚಬೇಡ. ಹೈಸ್ಕೂಲಿನಲ್ಲಿ ಪಾಠ ಮಾಡುವಾಗ ಅಂಥ ಪೇಪರು ಬೇಕಾದಷ್ಟು ತಿದ್ದಿದ್ದೇನೆ. ಮೋರೋವರ್ ಇರುತ್ತಿತ್ತು, ಹಿಂದಿನ ಮಾತಿಗೂ ಮುಂದಿನ ಮಾತಿಗೂ ಸಂಬಂಧ ಇರುತ್ತಿರಲಿಲ್ಲ. ಮಕ್ಕಳು ಅಷ್ಟು ಕಷ್ಟಪಟ್ಟಿದ್ದಾರಲ್ಲ ಅಂತ ಸಂಕಟವಾಗುತ್ತಿತ್ತು.

ಒಂದು ವಾಕ್ಯ ಮಾತ್ರ ಮುಟ್ಟಬೇಡ. ಮಂಜು ಸರಿದು ರಾಜ, ರಾಣಿ, ರೋರರ್, ರಾಕೆಟ್ ಒಟ್ಟಿಗೆ ಕಂಡಾಗ 'ವಿ ಸಾ ಆಲ್ ಫೋರ್' ಅಂತ ಬರೆದಿದ್ದೀಯಲ್ಲ, ಅದು. ಅದಕ್ಕೆ ಯಾವ ಕೊಂಡಿಯೂ ಬೇಡ.

ತಿದ್ದಿ ಇನ್ನೊಮ್ಮೆ ಕಳಿಸು. ಅಮ್ಮನನ್ನು ಕೇಳಿದೆ ಅಂತ ಹೇಳು.

ನಿನ್ನ ಪ್ರೀತಿಯ
ದೊಡ್ಡಮ್ಮ