ವಿಠ್ಠಲನ ಗುಡಿಗೆ ಹೊಳೆದಂಡೆಯ ಹಾದಿ ಹಿಡಿಯಿರಿ

ಮಾನ್ಯ ಸಂಪಾದಕರೇ,

ಹಂಪಿಗೆ ಬಂದವರಲ್ಲಿ ಬಹಳಷ್ಟು ಮಂದಿ ವಿರೂಪಾಕ್ಷನ ದರ್ಶನ ಮುಗಿಸಿ ವಾಹನ ಹತ್ತುತ್ತಾರೆ, ಊರು ಬಳಸಿ ಹೋಗಿ, ಬ್ಯಾಟರಿ ಗಾಡಿಯಲ್ಲಿ ವಿಜಯ ವಿಠ್ಠಲ ದೇವಸ್ಥಾನದ ಮುಂದೆ ಇಳಿಯುತ್ತಾರೆ. ಈ ಎರಡು ಗುಡಿಗಳನ್ನು ತುಂಗಭದ್ರೆಯ ಬಲದಂಡೆಗುಂಟ ಕೂಡಿಸುವ ಎರಡು ಕಿಲೋಮೀಟರಿಗೆ ತುಸು ಹೆಚ್ಚಿನ ಕಾಲುಹಾದಿ ಅವರ ಕಣ್ಣಿಗೇ ಬೀಳುವುದಿಲ್ಲ. ವಿಜಯನಗರದವರು ಹೊಳೆಯನ್ನು ಹೇಗೆ ಬಳಸಿಕೊಂಡರು ಎಂಬುದು ಅರ್ಥವಾಗುವುದೇ ಆ ಹಾದಿಯಲ್ಲಿ.

ರಥಬೀದಿಯ ಪೂರ್ವದ ತುದಿಯಲ್ಲಿ ಎದುರು ಬಸವಣ್ಣನಿದ್ದಾನೆ. ಹಾದಿ ತಪ್ಪುವುದು ಇಲ್ಲೇ. ಬಸವಣ್ಣನ ಪಕ್ಕದ ಕಲ್ಲು ಮೆಟ್ಟಿಲು ಗುಡ್ಡ ಹತ್ತಿಸಿ ಅಚ್ಯುತರಾಯ ದೇವಸ್ಥಾನಕ್ಕೆ ಒಯ್ಯುತ್ತದೆ. ಹೊಳೆಯ ಹಾದಿ ಬೇಕಿದ್ದವರು ಅದಕ್ಕೂ ಮೊದಲೇ ಎಡಕ್ಕೆ ಹೊರಳಬೇಕು. ಬಂಡೆಗಳ ಸಂದಿಯಲ್ಲಿ ಸಾಗಿದರೆ ಚಕ್ರತೀರ್ಥ, ಕೋದಂಡರಾಮನ ಗುಡಿ, ಅದರ ಹಿಂದೆ ಎತ್ತರದಲ್ಲಿ ಯಂತ್ರೋದ್ಧಾರಕ ಆಂಜನೇಯ. ಗುಡ್ಡಗಳ ನಡುವೆ ಇಕ್ಕಟ್ಟಾದ ಹೊಳೆ ಇಲ್ಲಿ ಉತ್ತರಕ್ಕೆ ತಿರುಗುತ್ತದೆ. ಮೇಲೆ ನೀರು ಶಾಂತವಾಗಿ ಕಂಡರೂ ತಳದಲ್ಲಿ ಸುಳಿಯಿದೆ. ಮೊಸಳೆಗಳೂ ಇರುವ ಹೊಳೆಯಿದು, ಈಜಲು ಇಳಿಯಲೇಬಾರದು.

ಮುಂದೆ ಅಚ್ಯುತಪೇಟೆಯ ಬೀದಿ ಬಂದು ಕೂಡುವಲ್ಲಿ ವರಾಹ ದೇವಾಲಯ, ಆಮೇಲೆ ಸುಗ್ರೀವನ ಗುಹೆ. ಸೀತೆಯ ಸೆರಗಿನ ಗುರುತೆಂದು ಜನ ತೋರಿಸುವ ಬಿಳಿ ಪಟ್ಟೆ ಅದರ ಬಳಿಯ ಬಂಡೆಯ ಮೇಲಿದೆ. ಎಡಕ್ಕೆ ಹೊಳೆಯೊಳಗೆ ಸಾಲುಗಟ್ಟಿ ನಿಂತ ಕಲ್ಲುಕಂಬಗಳು ಹಳೆಯ ಸೇತುವೆಯವು. ಇಲ್ಲಿ ಅವಸರ ಬೇಡ. ಮೇಲಿನ ಹಾಸು ಹೋಗಿ ಕಂಬಗಳಷ್ಟೇ ಉಳಿದಿರುವುದರಿಂದ ಅದರ ಕಟ್ಟೋಣದ ಕ್ರಮ ಬರಿಗಣ್ಣಿಗೇ ತಿಳಿಯುತ್ತದೆ. ಪುರಂದರ ಮಂಟಪವೂ ಈ ಆಸುಪಾಸಿನಲ್ಲೇ, ನೀರಿನಂಚಿಗೆ ಇದೆ. ರಾಜರ ತುಲಾಭಾರದ ಕಮಾನಿನಲ್ಲಿ ತಕ್ಕಡಿ ತೂಗುಹಾಕುತ್ತಿದ್ದ ಮೂರು ಕಲ್ಲಿನ ಬಳೆಗಳನ್ನು ಕತ್ತೆತ್ತಿ ನೋಡಿ. ಅಲ್ಲಿಂದ ವಿಠ್ಠಲನ ಗುಡಿ ಕೂಗಳತೆ.

ನಿಲ್ಲದೆ ನಡೆದರೆ ಮುಕ್ಕಾಲು ಗಂಟೆಯ ಹಾದಿ, ನೋಡುತ್ತ ಹೋಗುವವರಿಗೆ ಎರಡೂವರೆ ಗಂಟೆ ಬೇಕು. ಬೆಳಿಗ್ಗೆ ಆರೂವರೆಗೇ ಹೊರಡಿ. ಹತ್ತು ಗಂಟೆ ದಾಟಿದರೆ ಕಣಶಿಲೆಯ (ಗ್ರಾನೈಟ್) ಬಂಡೆ ಕಾದು ಬಿಸಿಯಾಗುತ್ತದೆ, ಬಿಸಿಲು ಮೇಲಿಂದಲೂ ಕೆಳಗಿಂದಲೂ ಹೊಡೆಯುತ್ತದೆ. ತಲೆಗೆ ಎರಡು ಲೀಟರ್ ನೀರು, ಹಿಡಿತವಿರುವ ಅಟ್ಟೆಯ ಬೂಟು ಇರಲಿ. ನುಣುಪು ಚಪ್ಪಲಿ ತೊಟ್ಟವರು ಜಾರುವುದು ಚಕ್ರತೀರ್ಥದ ಒದ್ದೆ ಬಂಡೆಯ ಮೇಲೆ. ವಿಠ್ಠಲ ದೇವಸ್ಥಾನದ ಟಿಕೆಟ್ ಅದೇ ದಿನ ಕಮಲ ಮಹಲಿಗೂ ನಡೆಯುತ್ತದೆ, ಎಸೆಯಬೇಡಿ. ತುಂಗಭದ್ರಾ ಅಣೆಕಟ್ಟಿನ ಸಮೀಪದಿಂದ ಕಂಪ್ಲಿಯವರೆಗಿನ 34 ಕಿಲೋಮೀಟರ್ ಹೊಳೆ 2015ರಿಂದ ನೀರುನಾಯಿ ಸಂರಕ್ಷಿತ ಪ್ರದೇಶ. ಸದ್ದಿಲ್ಲದೆ ನಡೆದವರಿಗೆ ಅವು ಕಂಡಾವು.

ಮಳೆಗಾಲದ ಮಾತೇ ಬೇರೆ. ಹಂಪಿಯಲ್ಲಿ ಹನಿ ಬೀಳದಿದ್ದರೂ ಮಲೆನಾಡಿನಲ್ಲಿ ಸುರಿದ ಮಳೆಗೆ ಜಲಾಶಯ ತುಂಬಿ, ಅಣೆಕಟ್ಟಿನ 33 ಗೇಟುಗಳಲ್ಲಿ ಕೆಲವನ್ನು ತೆರೆದಾಗ ಇಲ್ಲಿ ಹೊಳೆ ಏರುತ್ತದೆ. ಮೊದಲು ಮುಳುಗುವವು ಪುರಂದರ ಮಂಟಪ, ಚಕ್ರತೀರ್ಥದ ತಗ್ಗಿನ ಹಾದಿ. ಆಗ ಎದುರು ಬಸವಣ್ಣನ ಪಕ್ಕದ ಮೆಟ್ಟಿಲು ಹತ್ತಿ, ಅಚ್ಯುತರಾಯ ದೇವಸ್ಥಾನ ಹಾದು, ಅದರ ಬೀದಿಯಿಂದ ವರಾಹ ದೇವಾಲಯದ ಬಳಿಗೆ ಇಳಿಯುವುದೇ ಸರಿಯಾದ ಹಾದಿ. ಪ್ರವಾಹ ಇನ್ನೂ ಏರಿ ಪೊಲೀಸರು ತಡೆ ಹಾಕಿದ್ದರೆ ಅದನ್ನೂ ಬಿಡಬೇಕು.

ಸಂಬಂಧಪಟ್ಟವರಲ್ಲಿ ನಮ್ಮ ಬಿನ್ನಹ ಇಷ್ಟು. ಈ ಹಾದಿಗೆ ಟೈಲ್ಸ್, ಕಾಂಕ್ರೀಟ್ ಬೇಡವೇ ಬೇಡ. ಜಲಾಶಯದ ಹೊರಹರಿವು ಅಂದು ಎಷ್ಟು ಕ್ಯುಸೆಕ್ ಎಂದು ಎರಡೂ ತುದಿಯಲ್ಲಿ ದಿನವೂ ಬರೆದು ಹಾಕಲಿ. ಬದಲಿ ಹಾದಿಯ ಬಾಣದ ಗುರುತು ಎದುರು ಬಸವಣ್ಣನ ಬಳಿಯೇ ಇರಲಿ. ಚಕ್ರತೀರ್ಥಕ್ಕೆ ಇಳಿದ ಮೇಲೆ ಫಲಕ ಕಂಡವರು ಹಿಂತಿರುಗುವುದು ಕಡಿಮೆ, ಬಂಡೆ ಹಿಡಿದು ನೀರಿನಂಚಿನಲ್ಲೇ ದಾಟಲು ನೋಡುತ್ತಾರೆ.