ಕಟ್ಟದೆ ಉಳಿದ ನಕ್ಷೆಗಳನ್ನೂ ತೋರಿಸಲಿ

ಮಾನ್ಯ ಸಂಪಾದಕರೇ,

ಚಂಡೀಗಡದ ಕುರಿತ ಲೇಖನ ಕಟ್ಟಿದ್ದನ್ನಷ್ಟೇ ಹೊಗಳಿದೆ; ಕಾಗದದಲ್ಲೇ ಉಳಿದ ಯೋಜನೆಗಳ ಮಾತೇ ಇಲ್ಲ. 1947ರ ವಿಭಜನೆಯಲ್ಲಿ ಲಾಹೋರ್ ಕೈತಪ್ಪಿ ಭಾರತದ ಪಂಜಾಬಿಗೆ ಹೊಸ ರಾಜಧಾನಿ ಬೇಕಾದಾಗ ಚಂಡೀಗಡಕ್ಕೆ ಮೊದಲು ನಕ್ಷೆ ಬರೆದವರು ಅಮೆರಿಕದ ನಗರ ಯೋಜಕ ಆಲ್ಬರ್ಟ್ ಮೇಯರ್. ಬೀಸಣಿಗೆಯಂತೆ ಹರಡಿದ, ಬಾಗುಬೀದಿಗಳ ಊರು ಅದು. ಅವರ ಜೊತೆಗಾರ, ವಾಸ್ತುಶಿಲ್ಪಿ ನೊವಿಟ್ಸ್ಕಿ 1950ರಲ್ಲಿ ವಿಮಾನ ಅಪಘಾತದಲ್ಲಿ ತೀರಿಕೊಂಡರು. ನಂತರ ಬಂದ ಫ್ರಾನ್ಸಿನ ವಾಸ್ತುಶಿಲ್ಪಿ ಲ ಕಾರ್ಬೂಸಿಯೆ ಬೀದಿಗಳನ್ನು ನೆಟ್ಟಗೆ ಮಾಡಿದರು (ನನಗಂತೂ ಬಾಗುಬೀದಿಗಳೇ ಇಷ್ಟ). ಆದರೆ ಅವರೇ ರೂಪಿಸಿದ ರಾಜ್ಯಪಾಲರ ಭವನವೂ ಮೇಲೇಳಲಿಲ್ಲ; ಪ್ರಜಾಪ್ರಭುತ್ವಕ್ಕೆ ಅದು ಹೊಂದದು ಎಂಬುದು ನೆಹರೂ ಅವರ ಅಭಿಪ್ರಾಯವಾಗಿತ್ತು. ವಿಧಾನಸಭೆ, ಹೈಕೋರ್ಟ್, ಸಚಿವಾಲಯಗಳಿರುವ ಕ್ಯಾಪಿಟಲ್ ಸಂಕೀರ್ಣದಲ್ಲಿ ಆ ಭವನಕ್ಕೆಂದು ಗುರುತಿಸಿದ್ದ ಜಾಗದ ಬಳಿ ಈ ನಕ್ಷೆಗಳ ಪ್ರತಿಗಳನ್ನು ಫಲಕಗಳಲ್ಲಿ ಪ್ರದರ್ಶಿಸಬೇಕು.

– ನಿವೃತ್ತ ಚಿತ್ರಕಲಾ ಶಿಕ್ಷಕ, ಧಾರವಾಡ